ನೂರ ಇಪ್ಪತ್ತಮೂರನೇ ಬಾಗಿಲು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮನೆಯಲ್ಲೂ ಕೆಲಸದಲ್ಲೂ ಎಲ್ಲರಿಗೂ ಗೊತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇಲ್ಲಿ ಕೆಟ್ಟದ್ದು ನಡೆದದ್ದು ಒಂದು ಸಂಖ್ಯೆಯಿಂದ ಮಾತ್ರವಲ್ಲ, ಒಂದು ಬೆಳಿಗ್ಗೆ ಫೋನಿನಲ್ಲಿ ನಾನು ಆಡಿದ ಮಾತಿನಿಂದಲೂ.

ಆಗ ನಾನು ಬೈಲಹೊಂಗಲದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಅದರ ಮೂರು ಸಣ್ಣ ಶಾಖೆಗಳು. ತಾಲೂಕು ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದು ಹೆಚ್ಚು ದಿನವಾಗಿರಲಿಲ್ಲ. ಲ್ಯಾಬಿನ ಮಾಲೀಕರು ಡಾಕ್ಟರೇ. ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ವಾರಕ್ಕೊಂದು ದಿನ ಒಂದೊಂದು ಊರಿಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಆ ಊರುಗಳ ರಕ್ತದ ವರದಿಗಳು ತಂತಿಯ ಮೇಲೆ ಬೈಲಹೊಂಗಲದ ಸರ್ವರಿಗೆ ಬರುತ್ತಿದ್ದವು. ಸಾಹೇಬರು ತಮ್ಮ ಪರದೆಯ ಮೇಲೆ ನೋಡಿ ಒಪ್ಪಿದ ಮೇಲೆ ನಮ್ಮ ಕೌಂಟರಿನಲ್ಲಿ ಅವು ಅಚ್ಚಾಗಿ, ಸಂಜೆಯ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಊರಿಗೆ ಹೋಗುತ್ತಿದ್ದವು. ಅವರು ಒಪ್ಪುವ ತನಕ ಶಾಖೆಯವರು ರೋಗಿಗೆ ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಸಾಹೇಬರ ಇನ್ನೊಂದು ಕಟ್ಟುನಿಟ್ಟು ಅಮಾವಾಸ್ಯೆಯದು. ಟ್ರ್ಯಾಕ್ಟರಿಗೆ, ಲಾರಿಗೆ, ಹಿಟ್ಟಿನ ಗಿರಣಿಗೆ ಅಮಾವಾಸ್ಯೆ ಪೂಜೆ ಮಾಡುವ ಊರುಗಳು ನಮ್ಮವು. ರಕ್ತ ಎಣಿಸುವ ಯಂತ್ರವೇನು ಬೇರೆ ಜಾತಿಯದೇ? ಅಮಾವಾಸ್ಯೆ ಸಂಜೆ ನಾಲ್ಕೂ ಕಡೆ ಎಲ್ಲ ಆರಿಸಿ, ಫ್ರಿಜ್ಜಿನ ಲೈನೊಂದನ್ನು ಬಿಟ್ಟು ಮೇನ್ ಇಳಿಸಿ, ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮರುದಿನ ಬೆಳಿಗ್ಗೆಯೇ ಚಾಲೂ ಮಾಡಬೇಕು. ಉಳಿದ ಇಪ್ಪತ್ತೊಂಬತ್ತು ದಿನ ನಮ್ಮ ಕಂಪ್ಯೂಟರುಗಳು ಆರುತ್ತಲೇ ಇರಲಿಲ್ಲ. ಕರೆಂಟು ಹೋದರೂ ದೊಡ್ಡ ಬ್ಯಾಟರಿಗಳು ಹಿಡಿದುಕೊಳ್ಳುತ್ತಿದ್ದವು.

ರಾಮದುರ್ಗದ ಶಾಖೆಯಲ್ಲಿ ರಕ್ತ ನೋಡುವವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಅರ್ಧ ಆಯುಷ್ಯ ಸೂಕ್ಷ್ಮದರ್ಶಕದ ಮೇಲೆ ಬಾಗಿಯೇ ಕಳೆದಿದ್ದರು. ಅಲ್ಲಿ ಕಾಯಿ ಒಡೆಯುವುದು ಕಸ ಗುಡಿಸುವ ಹೆಂಗಸಿನ (ನಮ್ಮ ಕಡೆ ಬಾಯಿ ಎನ್ನುತ್ತೇವೆ) ಪಾಲಿಗೆ, ಯಂತ್ರ ಒರೆಸಿ ಮೇನ್ ಇಳಿಸುವುದು ಚಾಚಾನ ಪಾಲಿಗೆ. ತಮ್ಮ ಮೈಯೊರೆಸುವ ಟವೆಲಿಗಿಂತ ಶುಭ್ರವಾದ ಬಟ್ಟೆಯನ್ನು ಅವರು ಆ ಯಂತ್ರಕ್ಕೆಂದು ತೆಗೆದಿಟ್ಟಿದ್ದರು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ನನಗೆ ಸ್ವಂತ ಅಣ್ಣ ಇಲ್ಲ.

ಆ ಮಳೆಗಾಲಕ್ಕೆ ಮುಂಚೆ ಕಿತ್ತೂರಿನ ಕಂಪ್ಯೂಟರಿಗೆ ಒಂದು ವೈರಸ್ ಹೊಕ್ಕು ಎರಡು ದಿನ ಕೆಲಸ ನಿಂತಿತ್ತು. ಸಾಹೇಬರು ನನ್ನನ್ನು ಕರೆದು, ನೆಟ್‌ವರ್ಕ್ ಭದ್ರತೆಯ ಸರ್ಟಿಫಿಕೇಟ್ ಪರೀಕ್ಷೆ ಬರೆಯಲು ಹೇಳಿದರು. ಪಾಸಾದರೆ ನಾಲ್ಕೂ ಊರಿನ ಜವಾಬ್ದಾರಿ ನನ್ನ ಹೆಸರಿಗೇ ಬರೆದುಕೊಡುತ್ತೇನೆ ಎಂದರು. ನನಗೆ ಕೋಡು ಮೂಡಿದ್ದು ಅಂದೇ.

ಪರೀಕ್ಷೆಗೆ ಮೊದಲು ಬಾಯಿಪಾಠ ಮಾಡಬೇಕಾದದ್ದು ಪೋರ್ಟುಗಳು. ಒಂದು ಕಂಪ್ಯೂಟರಿಗೆ ಅರವತ್ತೈದು ಸಾವಿರಕ್ಕೂ ಹೆಚ್ಚು ಬಾಗಿಲುಗಳು; ಕಣ್ಣಿಗೆ ಕಾಣುವಂಥವಲ್ಲ, ಬರೀ ಸಂಖ್ಯೆಗಳು. ಒಂದೊಂದು ಬಗೆಯ ಮಾತಿಗೆ ಒಂದೊಂದು ಬಾಗಿಲು. ನನ್ನ ತಾಯಿಯ ತವರು ಚಚಡಿ. ಅಲ್ಲಿಯ ಹಳೇ ವಾಡೇದಲ್ಲಿ, ಎಂದರೆ ಕೋಟೆಯಂಥ ದೊಡ್ಡ ಮನೆಯಲ್ಲಿ, ದನಗಳಿಗೊಂದು ಬಾಗಿಲು, ಕಾಳು ತರುವವರಿಗೊಂದು, ನೆಂಟರಿಗೊಂದು, ಹೆಂಗಸರು ನೀರಿಗೆ ಹೋಗಲು ಹಿತ್ತಲಲ್ಲೊಂದು ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ತಲೆಗೆ ಅದೇ ಹಿಡಿಸಿತು. ಇಪ್ಪತ್ತೊಂದು ಕಡತ ಸಾಗಿಸಲು, ಇಪ್ಪತ್ತೆರಡು ಅದನ್ನೇ ಬೀಗ ಹಾಕಿ ಸಾಗಿಸಲು, ಇಪ್ಪತ್ತಮೂರು ಬೀಗವಿಲ್ಲದೆ ದೂರದಿಂದ ಯಂತ್ರ ಆಳಲು, ಇಪ್ಪತ್ತೈದು ಅಂಚೆ ಕಳಿಸಲು, ನೂರಹತ್ತು ಅಂಚೆ ತರಿಸಲು, ಐವತ್ತಮೂರು ಹೆಸರು ಕೇಳಿ ವಿಳಾಸ ಹೇಳಲು, ಎಂಬತ್ತು ಮತ್ತು ನಾನೂರ ನಲವತ್ತಮೂರು ವೆಬ್ ಪುಟಕ್ಕೆ, ನೂರ ಇಪ್ಪತ್ತಮೂರು ಸಮಯ ಕೇಳಲು. ದೊಡವಾಡದಿಂದ ಬೆಳಗಿನ ಬಸ್ಸು ಹತ್ತಿದರೆ ಬೈಲಹೊಂಗಲ ಬರುವ ತನಕ ಇದೇ ನನ್ನ ಜಪ. ಪಕ್ಕದಲ್ಲಿ ಕೂತ ಒಬ್ಬ ಮುದುಕಿ, ಯಾವ ದೇವರದಿದು, ನನಗೂ ಹೇಳಿಕೊಡು ಎಂದು ಗಂಟು ಬಿದ್ದಿದ್ದಳು.

ಓದಿದ್ದನ್ನು ಮಾಡಿ ನೋಡುವ ಚಟ ನನಗೆ. ನಾಲ್ಕು ಊರುಗಳ ನಡುವೆ ನಮ್ಮದೇ ಗುಪ್ತ ದಾರಿಯೊಂದಿತ್ತು. ಆದರೆ ಆ ದಾರಿಯೊಳಗೆ ಯಾರು ಯಾವ ಬಾಗಿಲನ್ನಾದರೂ ತಟ್ಟಬಹುದಿತ್ತು. ಹಳೇ ಕಂಪ್ಯೂಟರೊಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡು ಹಾಕಿ, ಅದನ್ನು ಕಾವಲಿಗೆ ಕೂರಿಸಿದೆ. ಪುಸ್ತಕದ ನಿಯಮ ಸ್ಪಷ್ಟವಾಗಿತ್ತು: ಮೊದಲು ಎಲ್ಲ ಮುಚ್ಚು, ಆಮೇಲೆ ಬೇಕಾದ್ದನ್ನಷ್ಟೇ ತೆರೆ. ಬೇಕಾದ್ದು ಯಾವುದು ಎಂದು ತಿಳಿಯಲು ತಂತಿಯ ಮೇಲೆ ಏನೇನು ಓಡಾಡುತ್ತದೆ ನೋಡು. ನೋಡಿದೆ, ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಬಂದ ಬಾಗಿಲುಗಳನ್ನೆಲ್ಲ ಬರೆದುಕೊಂಡೆ. ಆ ಮೂರು ದಿನಗಳಲ್ಲಿ ನೂರ ಇಪ್ಪತ್ತಮೂರನ್ನು ಒಬ್ಬರೂ ಒಂದು ಸಲವೂ ತಟ್ಟಲಿಲ್ಲ. ಪುಸ್ತಕದ ಪಟ್ಟಿಯಲ್ಲಿ ಅದರ ಮೇಲೆ ಕೆಂಪು ಗೆರೆ ಎಳೆದೆ. ನಮ್ಮಲ್ಲಿ ಸಮಯ ಕೇಳುವವರು ಯಾರೂ ಇಲ್ಲ ಎಂದುಕೊಂಡೆ.

ಒಂದು ಗುರುವಾರ ಎಲ್ಲ ಮುಚ್ಚಿದೆ. ವರದಿಗಳನ್ನು ಇಪ್ಪತ್ತೊಂದರಿಂದ ಇಪ್ಪತ್ತೆರಡಕ್ಕೆ ವರ್ಗ ಮಾಡಿದೆ. ಮೊದಲ ದಿನವೇ ಸವದತ್ತಿಯಿಂದ ಗೋಳು ಶುರುವಾಯಿತು: ಅಲ್ಲಿಯವರು ರೋಗಿಗಳ ವಿಳಾಸವಿದ್ದ ಫೋಲ್ಡರನ್ನು ನಾನೂರ ನಲವತ್ತೈದನೇ ಬಾಗಿಲಿನಿಂದ ನೋಡುತ್ತಿದ್ದರು, ಅದನ್ನು ನಾನು ಬೇಕಂತಲೇ ಮುಚ್ಚಿದ್ದೆ, ಕಿತ್ತೂರಿಗೆ ವೈರಸ್ ಬಂದದ್ದೇ ಆ ಬಾಗಿಲಿನಿಂದ. ಅವರಿಗೂ ನನಗೂ ಜಟಾಪಟಿಯಾಗಿ, ಕಡೆಗೆ ಆ ವಿಳಾಸಗಳನ್ನು ವೆಬ್ ಪುಟಕ್ಕೆ ಹಾಕಿಕೊಟ್ಟೆ. ಮಾರನೇ ದಿನ ಕಿತ್ತೂರಿನ ಇಮೇಲ್ ನಿಂತಿತು, ಅದನ್ನೂ ಸರಿಮಾಡಿದೆ. ಶಾಖೆಯವರು ಕಂಪ್ಯೂಟರಿನ ಯಾವ ಸೆಟ್ಟಿಂಗನ್ನೂ ಮುಟ್ಟದಂತೆ ಅವರ ಅಧಿಕಾರಗಳನ್ನೆಲ್ಲ ಕಿತ್ತುಕೊಂಡೆ, ಅದೂ ಪುಸ್ತಕದಲ್ಲಿತ್ತು. ವಾರ ಕಳೆಯುವುದರೊಳಗೆ ಎಲ್ಲ ಸರಾಗವಾಯಿತು. ಸಾಹೇಬರು ಎಲ್ಲರ ಮುಂದೆ, ನಮ್ಮ ಲ್ಯಾಬಿಗೆ ಈಗ ಕೋಟೆ ಕಟ್ಟಿದಂತಾಯಿತು ಎಂದರು. ನಾನು ಉಬ್ಬಿದೆ.

ಅಮಾವಾಸ್ಯೆ ಬಂತು. ಸಂಜೆ ಎಲ್ಲ ಕಡೆ ಮೇನ್ ಇಳಿಯಿತು. ಮರುದಿನ ಬೆಳಿಗ್ಗೆ ನಾನು ಬಂದು ಕೂತು ಪುಸ್ತಕ ತೆರೆದಿದ್ದೆ. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಒಂಬತ್ತಕ್ಕೆ ರಾಮದುರ್ಗದಿಂದ ಚಾಚಾನ ಫೋನು.

"ತಂಗಿ, ಕಂಪ್ಯೂಟರಿನ್ಯಾಗ ತಾರೀಖ ತಪ್ಪೈತಿ ನೋಡು. ಎರಡು ಸಾವಿರದ ಎರಡು, ಜನೇವರಿ ಒಂದು ಅಂತ ತೋರಸಾಕ ಹತ್ತೇತಿ. ನಾ ಸರಿ ಮಾಡಾಕ ಹೋದ್ರ ಬಿಡವಲ್ದು."

ಅದನ್ನು ಬಿಡದಂತೆ ಮಾಡಿದ್ದು ನಾನೇ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಕಣ್ಣನ್ನು ಪುಸ್ತಕದ ಮೇಲೇ ಇಟ್ಟು ಹೇಳಿದೆ.

"ಆ ಮೂಲ್ಯಾಗಿನ ಗಡಿಯಾರ ಬರೇ ನೋಡಾಕ ಇರತೈತ್ರಿ ಚಾಚಾ. ಗಡಿಯಾರ ತಪ್ಪಿದ್ರ ರಕ್ತಾನೂ ತಪ್ಪತೈತೇನು? ಅದನ್ನ ಮುಟ್ಟಬ್ಯಾಡ್ರಿ, ನಿಮ್ಮ ಕೆಲಸ ನೀವು ಮಾಡ್ರಿ."

ಅವರು ಆತು ತಂಗಿ ಎಂದು ಫೋನಿಟ್ಟರು.

ರಾಮದುರ್ಗದಲ್ಲಿ ಸೀರೆ ನೇಯುವ ಒಬ್ಬ ಹೆಂಗಸಿಗೆ ನಾಲ್ಕು ದಿನದಿಂದ ಜ್ವರ. ಸಾಹೇಬರು ತಮ್ಮ ವಾರದ ಸುತ್ತಿನಲ್ಲಿ ನೋಡಿ, ಡೆಂಗಿ ಇರಬಹುದೆಂದು ಹೇಳಿ, ಮನೆಯಲ್ಲೇ ಇರಲಿ, ದಿನಾ ರಕ್ತ ಕೊಡಲಿ, ಪ್ಲೇಟ್‌ಲೆಟ್ ಇಳಿದರೆ ತಕ್ಷಣ ಹುಬ್ಬಳ್ಳಿಗೆ ಕಳಿಸುತ್ತೇನೆ ಎಂದಿದ್ದರು. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಿಸುವ ಕಣ; ಅದು ತೀರಾ ಕಡಿಮೆಯಾದರೆ ಒಳಗೊಳಗೇ ರಕ್ತ ಸೋರತೊಡಗುತ್ತದೆ. ಅಮಾವಾಸ್ಯೆ ಬೆಳಿಗ್ಗೆ ಆಕೆಯ ಎಣಿಕೆ ಒಂದು ಲಕ್ಷ ಹತ್ತು ಸಾವಿರ ಇತ್ತು. ಮರುದಿನ, ಚಾಚಾ ನನಗೆ ಫೋನು ಮಾಡಿದ ಅರ್ಧ ತಾಸಿಗೆ, ಇಪ್ಪತ್ತಾರು ಸಾವಿರ.

ಚಾಚಾ ಎರಡು ಸಲ ಎಣಿಸಿ, ವರದಿ ಕಳಿಸಿ, ನಮ್ಮ ಕೌಂಟರಿಗೆ ಫೋನು ಮಾಡಿದರು. ಅಂಕಿ ಹೇಳುವಂತಿಲ್ಲವಲ್ಲ, ರಾಮದುರ್ಗದ ನೇಕಾರ ಬಾಯಿಯದನ್ನು ಸಾಹೇಬರು ಲಗೂನ ನೋಡಲಿ ಎಂದಷ್ಟೇ ಹೇಳಿದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಓಡಿಹೋಗಿ ಹೇಳಿದಳು. ಸಾಹೇಬರು ಇಬ್ಬರು ರೋಗಿಗಳ ನಡುವೆ ಆ ಹೆಸರು ಒತ್ತಿದರು. ಪರದೆಯಲ್ಲಿ ಒಂದು ಲಕ್ಷ ಹತ್ತು ಸಾವಿರ ಬಂತು. ಚಲೋ ಐತಿ, ಅವಸರ ಏನಿಲ್ಲ, ನಾಳೆ ಮತ್ತ ರಕ್ತ ಕೊಡಲಿ ಎಂದರು. ಕೌಂಟರಿನವಳು ಅದನ್ನೇ ಚಾಚಾನಿಗೆ ಹೇಳಿದಳು. ಸಾಹೇಬರು ಅಂಕಿ ನೋಡಿಯೇ ಹೇಳಿದ್ದಾರೆಂದು ನಂಬಿ ಚಾಚಾ ಆ ಹೆಂಗಸಿನ ಗಂಡನಿಗೆ ಹೇಳಿದರು.

ಮಧ್ಯಾಹ್ನ ಆಕೆಯ ಒಸಡಿನಿಂದ ರಕ್ತ ಬಂತು, ಆಮೇಲೆ ಮೂಗಿನಿಂದ. ಜೀಪೊಂದರಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಮೊದಲು ಕೇಳಿದ್ದು, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು.

ಮಾರನೇ ಬೆಳಿಗ್ಗೆ ಲ್ಯಾಬಿನಲ್ಲಿ ಸಾವಿನ ಮನೆಯ ಕಳೆ. ಸಾಹೇಬರ ಮುಖ ನೋಡಲು ಆಗುತ್ತಿರಲಿಲ್ಲ. ಚಾಚಾನನ್ನು ಕರೆಸಿದರು. ನಿನ್ನೆಯ ವರದಿ ಕಳಿಸಿಯೇ ಇಲ್ಲ, ಹಿಂದಿನ ದಿನದ್ದೇ ಇತ್ತು, ಮರೆತು ಈಗ ಸುಳ್ಳು ಹೇಳುತ್ತಿದ್ದೀರಿ ಎಂಬುದು ಸಾಹೇಬರ ಮಾತು. ಚಾಚಾ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತು, ನಾ ಕಳಿಸೇನ್ರಿ ಸಾಹೇಬ್ರ, ಎಂದು ಮೂರು ಸಲ ಹೇಳಿದರು. ಸಾಹೇಬರು ನನ್ನ ಕಡೆ ತಿರುಗಿ, ಸರ್ವರ್ ನೋಡಿ ಹೇಳು ಎಂದರು.

ನಾನು ಹೋಗಿ ಆ ತಾರೀಖು ಹಾಕಿ, ರಾಮದುರ್ಗ ಎಂದು ಹಾಕಿ, ಹುಡುಕಿದೆ. ಖಾಲಿ. ಮತ್ತೊಮ್ಮೆ ಹುಡುಕಿದೆ, ಖಾಲಿಯೇ. ರಾಮದುರ್ಗದಿಂದ ಆ ದಿನ ಯಾವ ವರದಿಯೂ ಸರ್ವರಿಗೆ ಬಂದಿಲ್ಲ ಎಂದು ಕಾಗದದ ಮೇಲೆ ಬರೆದು, ಸಹಿ ಮಾಡಿ ಸಾಹೇಬರ ಕೈಗೆ ಕೊಟ್ಟೆ. ಸಾಹೇಬರು ಅದನ್ನು ಓದಿ, ಶನಿವಾರ ಶಾಖೆಯ ಕೀಲಿ ತಂದುಕೊಡಿ ಎಂದು ಚಾಚಾನಿಗೆ ಹೇಳಿದರು. ಚಾಚಾ ನನ್ನ ಕಡೆ ಒಮ್ಮೆ ನೋಡಿ ಹೊರಟು ಹೋದರು. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ತಾಳಿಕೊಳ್ಳಬಹುದಿತ್ತು. ನಾನೇನಾದರೂ ಹುಡುಕಿ ಕೊಟ್ಟೇನೆಂಬ ಆಸೆ ಇತ್ತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಕೌಂಟರಿನ ಹೆಣ್ಣುಮಗಳು ಬಂದಳು. ರಾಮದುರ್ಗದಿಂದ ಏನೂ ಬಂದಿಲ್ಲ ಎಂದು ಬರೆದುಕೊಟ್ಟಿರಂತೆ, ಮತ್ತೆ ಅವತ್ತು ಸಂಜೆ ನಾನು ರಾಮದುರ್ಗದ ಎರಡು ವರದಿ ಅಚ್ಚು ಹಾಕಿ ಕಂಡಕ್ಟರನ ಕೈಗೆ ಕೊಟ್ಟೆನಲ್ಲ ಅಕ್ಕಾರ, ಅವು ಎಲ್ಲಿಂದ ಬಂದವು ಎಂದಳು. ಸಕ್ಕರೆ ರೋಗ ನೋಡಿಸಲು ಬಂದ ಇಬ್ಬರು ಹೊಸಬರದು.

ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಬಂದಿಲ್ಲವೆಂದರೆ ಮೂರೂ ಬಂದಿರಬಾರದು. ಎರಡು ಬಂದಿವೆ ಎಂದರೆ ದಾರಿ ಸರಿಯಿತ್ತು. ಮತ್ತೆ ತಾರೀಖು ಹಾಕಿ ಹುಡುಕಿದರೆ ಆ ಎರಡೂ ಯಾಕೆ ಕಾಣುತ್ತಿಲ್ಲ? ಆ ಇಬ್ಬರ ಹೆಸರು ಒತ್ತಿ ತೆರೆದೆ. ಪರೀಕ್ಷೆಯ ದಿನ: ಎರಡು ಸಾವಿರದ ಎರಡು, ಜನೇವರಿ ಒಂದು.

ನೇಕಾರ ಹೆಂಗಸಿನ ಹೆಸರು ಒತ್ತಿ, ಹಳೆಯ ವರದಿಗಳ ತಳಕ್ಕೆ ಹೋದೆ. ಆಕೆ ನಮ್ಮಲ್ಲಿಗೆ ಬರತೊಡಗಿದ್ದಕ್ಕಿಂತ ವರ್ಷಗಟ್ಟಲೆ ಹಿಂದಿನ ತಾರೀಖಿನ ಕೆಳಗೆ, ಯಾರೂ ನೋಡದ ಜಾಗದಲ್ಲಿ, ಇಪ್ಪತ್ತಾರು ಸಾವಿರ ಕೂತಿತ್ತು. ನಮ್ಮ ತಂತ್ರಾಂಶ ಶಾಖೆಯ ಕಂಪ್ಯೂಟರ್ ಬರೆದ ಸಮಯವನ್ನೇ ನಂಬಿ ವರದಿಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಸಾಹೇಬರಿಗೆ ಎಲ್ಲಕ್ಕಿಂತ ಮೇಲಿನದು ತೋರುತ್ತಿತ್ತು. ಕಾವಲು ಕಂಪ್ಯೂಟರಿನ ದಾಖಲೆ ತೆರೆದೆ. ಆ ದಿನ ಬೆಳಿಗ್ಗೆ, ಮೇನ್ ಏರಿಸಿದ ಹೊತ್ತಿಗೆ ಸರಿಯಾಗಿ, ಕಿತ್ತೂರು, ಸವದತ್ತಿ, ರಾಮದುರ್ಗ ಮೂರೂ ಊರುಗಳಿಂದ ಒಂದೇ ಬಾಗಿಲು ತಟ್ಟಿದ ಗುರುತು. ನೂರ ಇಪ್ಪತ್ತಮೂರು. ಪಕ್ಕದಲ್ಲಿ, ನಿರಾಕರಿಸಲಾಗಿದೆ.

ಆದರೂ ಕಣ್ಣಾರೆ ನೋಡದೆ ಬಾಯಿ ಬಿಡಬಾರದೆಂದು ಮಾರನೇ ದಿನ ರಾಮದುರ್ಗಕ್ಕೆ ಹೊರಟೆ. ಸವದತ್ತಿಯಲ್ಲಿ ಬಸ್ಸು ಬದಲಿಸಿದೆ. ಚಾಚಾ ಶಾಖೆಯಲ್ಲೇ ಇದ್ದರು, ಕೀಲಿ ಕೊಡುವ ಮುನ್ನ ಗಾಜಿನ ಪಟ್ಟಿಗಳನ್ನೆಲ್ಲ ತೊಳೆದು ಒರೆಸಿ ಜೋಡಿಸುತ್ತಿದ್ದರು. ಚಹಾ ತರಿಸಿದರು. ನಾನು ಕಂಪ್ಯೂಟರ್ ಬಿಚ್ಚಿದೆ. ಒಳಗೆ ಬೋರ್ಡಿನ ಮೇಲೆ ಅಂಗಿಯ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ. ಕಂಪ್ಯೂಟರ್ ಆರಿದಾಗ ಗಡಿಯಾರ ನಡೆಸುವುದು ಅದೇ. ಮೀಟರ್ ಹಚ್ಚಿ ನೋಡಿದರೆ ಸತ್ತು ಯಾವ ಕಾಲವಾಗಿತ್ತೋ. ಕಿತ್ತೂರು, ಸವದತ್ತಿಯ ಬ್ಯಾಟರಿಗಳಿಗೆ ಜೀವವಿತ್ತು, ಅವು ಉಳಿದುಕೊಂಡವು. ಆಮೇಲೆ ಕಂಪ್ಯೂಟರ್ ಶುರುವಾಗುವಾಗ ಓಡುವ ಆಜ್ಞೆಗಳನ್ನು ನೋಡಿದೆ. ನನಗಿಂತ ಮುಂಚೆ ಇದ್ದವರು ಅಲ್ಲಿ ಒಂದು ಸಾಲು ಬರೆದಿಟ್ಟಿದ್ದರು: ಏಳುತ್ತಲೇ ಬೈಲಹೊಂಗಲದ ಸರ್ವರನ್ನು ಒಂದು ಸಲ ಸಮಯ ಕೇಳು. ದಿನಕ್ಕಲ್ಲ, ವಾರಕ್ಕಲ್ಲ, ಎದ್ದಾಗ ಮಾತ್ರ. ಏಳುತ್ತಿದ್ದದ್ದು ಅಮಾವಾಸ್ಯೆಯ ಮರುದಿನ ಮಾತ್ರ. ತಿಂಗಳಿಗೊಮ್ಮೆ ತೆರೆಯುವ ಬಾಗಿಲನ್ನು ನಾನು ಮೂರು ದಿನ ಕಾದು ನೋಡಿ, ಯಾರೂ ಬರುವುದಿಲ್ಲವೆಂದು ಮುಚ್ಚಿದ್ದೆ.

ಚಾಚಾನಿಗೆ ಎಲ್ಲ ಹೇಳಿದೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಸಾಹೇಬರ ಮುಂದ ನನ್ನ ಫೋನಿನ ಮಾತು ಯಾಕ ಹೇಳಲಿಲ್ರಿ ಚಾಚಾ?"

"ಹೇಳಾಕ ಏನೈತಿ? ಗಡಿಯಾರ ಬರೇ ನೋಡಾಕ ಅಂತ ನೀನ ಹೇಳಿದ್ದೆಲ್ಲ. ನಾ ಅದನ್ನ ಖರೇ ಅಂತ ತಿಳದಿದ್ದೆ."

ಅವರು ಕಡೆಯ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಯಲ್ಲಿಟ್ಟರು.

"ಅಂದ್ರ ಆ ಬಾಯಿ ಹುಬ್ಬಳ್ಳಿ ದವಾಖಾನ್ಯಾಗ ಮಲಗಿದ್ದು ಇದಕ್ಕ."

ಹೌದು ಎಂದೆ. ಅವರು ಎದ್ದು, ನನ್ನ ಚಹಾದ ಬಟ್ಟಲನ್ನೂ ತಮ್ಮದನ್ನೂ ತೆಗೆದುಕೊಂಡು ಹೋಗಿ ತೊಳೆದಿಟ್ಟು ಬಂದರು. ಬಸ್ಸಿನ ಹೊತ್ತಾತ್ರಿ ಮೇಡಂ, ಹೊಂಡ್ರಿ ಎಂದರು. ಮೇಡಂ ಎಂದು ಅವರು ನನ್ನನ್ನು ಅದುವರೆಗೆ ಒಮ್ಮೆಯೂ ಕರೆದಿರಲಿಲ್ಲ.

ವಾಪಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ನನಗೆ ಹೊಳೆದದ್ದನ್ನು ನಾಚಿಕೆಯಿಲ್ಲದೆ ಬರೆಯುತ್ತೇನೆ. ಸತ್ತ ಬ್ಯಾಟರಿ ನನ್ನ ಚೀಲದಲ್ಲಿತ್ತು. ಬ್ಯಾಟರಿ ಸತ್ತು ತಾರೀಖು ತಪ್ಪಿತು, ವರದಿ ತಳಕ್ಕೆ ಹೋಯಿತು, ಇದು ಸುಳ್ಳಲ್ಲ. ಇಷ್ಟೇ ಹೇಳಿದರೆ ಚಾಚಾನ ಕೆಲಸ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ, ತಪ್ಪೆಲ್ಲ ಒಂದು ಗುಂಡಿಯಷ್ಟು ಬ್ಯಾಟರಿಯ ತಲೆಗೆ. ಇದರಲ್ಲಿ ಯಾರಿಗೆ ನಷ್ಟ ಎಂದು ಸವದತ್ತಿಯ ತನಕ ನನಗೆ ನಾನೇ ವಾದಿಸಿಕೊಂಡೆ. ಅಲ್ಲಿಂದ ಮುಂದೆ ವಾದಿಸಲೂ ಬೇಸರ ಬಂತು. ಬೈಲಹೊಂಗಲದಲ್ಲಿ ಇಳಿಯುವಾಗ ಬ್ಯಾಟರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇಳಿದೆ.

ಸಾಹೇಬರ ಮೇಜಿನ ಮೇಲೆ ಅದನ್ನಿಟ್ಟೆ. ಬ್ಯಾಟರಿಯ ಕಥೆ ಹೇಳಿದೆ. ಕಳೆದುಹೋದ ವರದಿಯನ್ನು ಪರದೆಯಲ್ಲಿ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಆ ಇಪ್ಪತ್ತಾರು ಸಾವಿರವನ್ನು ನೋಡಿದರು. ಸರಿ, ಚಾಚಾ ಕಳಿಸಿದ್ದು ಖರೆ ಎಂದರು. ನನಗೆ ಉಸಿರು ಬಂತು. ಆಗ ಅವರು ಕೇಳಿದರು.

"ಆದ್ರ ತಾರೀಖ ತಪ್ಪಿದ್ದು ಆ ಮನುಷ್ಯಾನ ಕಣ್ಣಿಗೆ ಬೀಳಲಿಲ್ಲೇನು? ಇಷ್ಟು ವರ್ಷದಾಂವಾ, ಒಂದು ಫೋನ್ ಮಾಡಬಾರದಿತ್ತೇನು?"

ಅಲ್ಲಿಗೆ ನನ್ನ ಅರ್ಧ ಸತ್ಯದ ಆಟ ಮುಗಿಯಿತು. ಬ್ಯಾಟರಿಯ ಮಾತು ಇಬ್ಬರನ್ನೂ ಉಳಿಸುತ್ತದೆ ಎಂದುಕೊಂಡಿದ್ದೆ. ಉಳಿಯುವವಳು ನಾನೊಬ್ಬಳೇ, ಚಾಚಾ ಕಣ್ಣಿದ್ದೂ ಕಾಣದ ಮನುಷ್ಯನಾಗಿ ನಿಲ್ಲುತ್ತಿದ್ದರು.

"ಮಾಡಿದ್ರು ಸಾಹೇಬ್ರ. ನನಗ ಮಾಡಿದ್ರು. ಪರೀಕ್ಷಾದ್ದು ಓದಾಕ ಹತ್ತಿದ್ದೆ, ಬ್ಯಾಸರಾಗಿ ಸುಮ್ನ ಕೂಡ್ರಿಸಿದೆ. ಬ್ಯಾಟರಿ ಸತ್ರೂ ಮೊದಲ ತಾರೀಖ ತಾನ ಸರಿ ಆಗತಿತ್ತು. ಅದು ಬರೋ ದಾರಿ ಮುಚ್ಚಿದಾಕಿ ನಾನು. ಅವರ ಕಡೆ ಒಂದೂ ತಪ್ಪಿಲ್ಲ."

ನಾನು ಸಹಿ ಮಾಡಿಕೊಟ್ಟಿದ್ದ ಕಾಗದ ಅಲ್ಲೇ ಪೇಪರ್‌ವೇಟಿನ ಕೆಳಗಿತ್ತು. ಅದನ್ನು ತೆಗೆದು, ಅದರ ಹಿಂದೆಯೇ ಇದನ್ನೆಲ್ಲ ಬರೆದು, ಮತ್ತೆ ಸಹಿ ಮಾಡಿದೆ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಪರದೆಯಲ್ಲಿ ಮೇಲಿದ್ದ ಆ ಒಂದು ಲಕ್ಷ ಹತ್ತು ಸಾವಿರದ ವರದಿಗೆ ಹೋಗಿ, ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟರು. ಅದು ಅಮಾವಾಸ್ಯೆಯ ತಾರೀಖು. ಇದನ್ನ ನಾನೂ ನೋಡಲಿಲ್ಲ ಎಂದರು. ಆಮೇಲೆ ಹೊರಗೆ ಹೋಗು ಎಂದು ಕೈ ಮಾಡಿದರು.

ಚಾಚಾನ ಕೀಲಿ ಚಾಚಾನ ಬಳಿಯೇ ಉಳಿಯಿತು. ಸಾಹೇಬರು ತಾವೇ ರಾಮದುರ್ಗಕ್ಕೆ ಹೋಗಿ ಹೇಳಿ ಬಂದರಂತೆ. ನಾಲ್ಕೂ ಊರಿನ ಜವಾಬ್ದಾರಿ ನನ್ನ ಹೆಸರಿಗೆ ಬರಲಿಲ್ಲ. ನಾನು ಮಾಡಿದ್ದನ್ನೆಲ್ಲ ತಪಾಸಣೆ ಮಾಡಲು ಬೆಳಗಾವಿಯಿಂದ ಒಬ್ಬರು ಬಂದರು. ಅವರು ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಉತ್ತರ ಕೊಟ್ಟೆ. ನೂರ ಇಪ್ಪತ್ತಮೂರನ್ನು ಮೂರು ಶಾಖೆಗಳಿಂದ ನಮ್ಮ ಸರ್ವರಿಗೆ ಮಾತ್ರ ತೆರೆದೆ. ಬ್ಯಾಟರಿಗಳನ್ನು ಬದಲಿಸಿದೆ. ಸರ್ವರಿಗೆ ಮುಟ್ಟಿದ ಸಮಯವನ್ನು ಸರ್ವರೇ ಬರೆದುಕೊಳ್ಳುವಂತೆ, ತಾರೀಖು ಅಂಕಿಗಿಂತ ದೊಡ್ಡದಾಗಿ ಕಾಣುವಂತೆ ತಂತ್ರಾಂಶ ಬದಲಾಯಿತು.

ಆ ಹೆಂಗಸು ಉಳಿದುಕೊಂಡಳು. ತಿಂಗಳ ಮೇಲೆ ಒಂದು ದಿನ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಗಂಡ ಮಗ್ಗದ ಮೇಲಿದ್ದ, ಆಕೆ ಪಕ್ಕದಲ್ಲಿ ನೂಲು ಸುತ್ತುತ್ತಿದ್ದಳು. ನಾನು ಯಾರು, ಏನು ಮಾಡಿದೆ ಎಂದು ಬಾಗಿಲು, ಬ್ಯಾಟರಿ, ಫೋನು ಎಲ್ಲ ಹೇಳಿದೆ. ಆಕೆ ಕೈ ನಿಲ್ಲಿಸದೆ ಕೇಳಿದಳು. ಕಣ್ಣಿನೊಳಗೂ ರಕ್ತ ಸೋರಿತ್ತಂತೆ.

"ನೀವು ಹೇಳೂದು ನನಗ ತಿಳಿಯಂಗಿಲ್ರಿ ಅಕ್ಕಾರ. ಎಡಗಣ್ಣಿಗೆ ನಡುವ ಒಂದು ಕರಿ ಚುಕ್ಕಿ ನಿಂತೈತಿ. ಎಳಿ ಕಡದ್ರ ಕಾಣಂಗಿಲ್ಲ. ಅದಕ್ಕ ಮಗ್ಗಕ್ಕ ಅವರು ಕುಂದರತಾರ, ನಾ ನೂಲು ಸುತ್ತತೇನಿ."

ಅವಳು ಕೊಟ್ಟ ಚಹಾ ಕುಡಿದು ಬಂದೆ. ಕ್ಷಮಿಸಿ ಎಂದು ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ.

ಅದಕ್ಕೂ ಮುಂಚೆಯೇ, ಗೊತ್ತಾದ ದಿನಕ್ಕೆ, ಹುಬ್ಬಳ್ಳಿಯಲ್ಲಿ ಪರೀಕ್ಷೆ ಬರೆದಿದ್ದೆ. ಸಮಯ ಹೊಂದಿಸುವ ಪ್ರೋಟೊಕಾಲ್ ಯಾವ ಪೋರ್ಟು ಬಳಸುತ್ತದೆ ಎಂದು ಒಂದು ಪ್ರಶ್ನೆ ಇತ್ತು, ಕೆಳಗೆ ನಾಲ್ಕು ಉತ್ತರಗಳು. ಬಸ್ಸಿನ ಮುದುಕಿಯೂ ಉತ್ತರ ಹೇಳುತ್ತಿದ್ದಳು, ಅಷ್ಟು ಸುಲಭ. ಸರಿಯಾದುದನ್ನು ಒತ್ತಿ ಮುಂದಿನದಕ್ಕೆ ಹೋಗಲು ನನಗೆ ಬಹಳ ಹೊತ್ತು ಹಿಡಿಯಿತು. ಪಾಸಾದೆ. ಸರ್ಟಿಫಿಕೇಟನ್ನು ಗೋಡೆಗೆ ಹಾಕಲಿಲ್ಲ.

ಅದಾದ ಮೇಲೆ ಪ್ರತಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ರಾಮದುರ್ಗದಿಂದ ಫೋನು ಬರುತ್ತಿತ್ತು. ಮೇಡಂ, ಕಂಪ್ಯೂಟರಿನ್ಯಾಗ ಒಂಬತ್ತು ಹೊಡದು ಎರಡು ನಿಮಿಷ, ನನ್ನ ಕೈಗಡಿಯಾರದಾಗೂ ಅಷ್ಟ, ತಾರೀಖ ಇಂಥಾದ್ದು ಎಂದು ಚಾಚಾ ಓದುತ್ತಿದ್ದರು. ನಾನು ನನ್ನ ಪರದೆ ನೋಡಿ, ಸರಿ ಐತ್ರಿ ಚಾಚಾ ಎನ್ನುತ್ತಿದ್ದೆ. ಫೋನಿಡುತ್ತಿದ್ದರು. ಅದರ ಅಗತ್ಯವೇ ಇರಲಿಲ್ಲ, ಈಗ ಎಲ್ಲ ತಾನಾಗಿ ನಡೆಯುತ್ತಿತ್ತು. ಬೇಡ ಎನ್ನಲು ಮಾತ್ರ ನನಗೆ ಬಾಯಿ ಬರಲಿಲ್ಲ. ತಂಗಿ ಎಂದು ಅವರು ಮತ್ತೆ ಕರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಚಾಚಾ ಕೆಲಸ ಬಿಟ್ಟರು, ವಯಸ್ಸಾಗಿತ್ತು. ಕಡೆಯ ಅಮಾವಾಸ್ಯೆಯ ಮರುದಿನವೂ ಫೋನು ಬಂತು. ಸಮಯ ಓದಿದರು, ಸರಿ ಎಂದೆ. ಫೋನಿಡಲಿಲ್ಲ.

"ನನ್ನ ಜಾಗಾಕ ಬಂದಾಂವಗ ಒಂದು ಮಾತು ಹೇಳೇನ್ರಿ ಮೇಡಂ. ಏನರ ತಪ್ಪ ಕಂಡ್ರ ಬೈಲಹೊಂಗಲಕ್ಕ ಫೋನ್ ಮಾಡು, ಅಲ್ಲಿ ಯಾರರ ಏನಿಲ್ಲ ಬಿಡು ಅಂದ್ರ ಎರಡನೇ ಸಲ ಮಾಡು ಅಂತ ಹೇಳೇನಿ. ನಾ ಅವತ್ತ ಎರಡನೇ ಸಲ ಮಾಡಲಿಲ್ಲ."